ನಗಬಾರದ ಗುರುವಾರ

ನನ್ನ ನೆಗೆಣ್ಣಿ ನೀಲಗಂಗಾ ಲಿಂಗೈಕ್ಯಳಾದ ಮೇಲೂ ಅವಳ ಕಿಟಕಿ ಮುಚ್ಚಿರಲಿಲ್ಲ. ನಮ್ಮ ಊರಿನಲ್ಲಿ ಅದು ಹಾಗೆಯೇ. ವಿಡಿಯೊ ಕರೆಯಲ್ಲಿ ಕೂಡಿ ಕೆಲಸ ಮಾಡುವ ಗುಂಪಿನಲ್ಲಿ ಒಬ್ಬರು ತೀರಿಕೊಂಡರೆ ಅವರ ಕಿಟಕಿ ಪರದೆಯ ಮೇಲೆ ತೆರೆದೇ ಉಳಿಯುತ್ತದೆ. ಉಳಿದವರೆಲ್ಲ ಒಂದೇ ಸಲಕ್ಕೆ ಮನಸ್ಸು ಬಿಚ್ಚಿ ನಕ್ಕ ದಿನ ಮುಚ್ಚಿಕೊಳ್ಳುತ್ತದೆ. ಕೆಲವರದು ವಾರ ತುಂಬುವುದರೊಳಗೆ ಮುಚ್ಚುತ್ತದೆ. ಆಗ ಊರಿನವರು ಸತ್ತವರ ಬಗ್ಗೆ ಏನೂ ಅನ್ನುವುದಿಲ್ಲ, ಆ ಗುಂಪಿನವರ ಬಗ್ಗೆ ಅನ್ನುತ್ತಾರೆ. ನೀರು ಸರಬರಾಜು ಕಚೇರಿಯ ಒಬ್ಬ ಗುಮಾಸ್ತನ ಕಿಟಕಿ ವರ್ಷಗಟ್ಟಲೆ ತೆರೆದಿತ್ತು. ಆತ ಅಷ್ಟು ಬೇಕಾದವನಾಗಿದ್ದ ಎಂದಲ್ಲ, ಆ ಕಚೇರಿಯಲ್ಲಿ ನಗುವವರೇ ಇರಲಿಲ್ಲ. ಕಿಟಕಿ ತೆರೆದಿರುವತನಕ ಆ ಗುಂಪಿಗೆ ಹೊಸಬರು ಸೇರಲು ಬರುವುದಿಲ್ಲ. ಎಷ್ಟು ಪ್ರಯತ್ನ ಮಾಡಿದರೂ ಪರದೆ ಅವರನ್ನು ಒಳಗೆ ಬಿಡುವುದಿಲ್ಲ. ಹೊರಗಿನಿಂದ ಅತಿಥಿಯಾಗಿ ಬಂದು ಹೋಗಬಹುದು, ಅಷ್ಟೇ.

ನಮ್ಮದು ಕರಡು ತಿದ್ದುವ ಕೆಲಸ. ಪುರಾಣ, ಸ್ತೋತ್ರ, ಮಠಗಳ ಚರಿತ್ರೆ, ಇಂಥವನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿಗೆ ನಾವು ನಮ್ಮ ನಮ್ಮ ಮನೆಯಲ್ಲಿ ಕುಳಿತು ತಿದ್ದಿಕೊಡುತ್ತೇವೆ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯನ್ನು ನೋಡುತ್ತ ತಿದ್ದಬೇಕು. ಓದುವವರು ಚಿಹ್ನೆಗಳನ್ನೂ ಬಾಯಲ್ಲೇ ಹೇಳುತ್ತಾರೆ. ಅಲ್ಪವಿರಾಮ ಬಂದರೆ 'ಅಲ್ಪ', ಪೂರ್ಣವಿರಾಮ ಬಂದರೆ 'ಪೂರ್ಣ'. ನೀಲಾ ಓದುತ್ತಿದ್ದಳು, ನಾನು ತಿದ್ದುತ್ತಿದ್ದೆ. ನಮ್ಮ ಗಂಡಂದಿರು ಅಣ್ಣತಮ್ಮಂದಿರು; ಇಬ್ಬರೂ ಹೋದ ಮೇಲೆ ನಾವಿಬ್ಬರು ಉಳಿದಿದ್ದೆವು, ಅವಳು ಊರಿನ ಆ ತುದಿಗೆ, ನಾನು ಈ ತುದಿಗೆ. ದಿನವಿಡೀ ಅವಳ ದನಿ ನನ್ನ ಕಿವಿಯಲ್ಲಿರುತ್ತಿತ್ತು. ಅವಳು ಹೋದ ದಿನ ನಾನು ದೇವರ ಮುಂದೆ ಕುಳಿತು, "ಶಿವಾ ಅಲ್ಪ ಅವಳನ್ನು ನೋಡಿಕೋ ಪೂರ್ಣ" ಎಂದೆ. ಆಮೇಲೆ ಎಚ್ಚರವಾಯಿತು. ತಿದ್ದಿ ಹೇಳಲು ಮನಸ್ಸಾಗಲಿಲ್ಲ.

ಅವಳ ಕಿಟಕಿಯಲ್ಲಿ ಅವಳ ಕುರ್ಚಿ ಕಾಣುತ್ತಿತ್ತು. ಕುರ್ಚಿಯ ಬೆನ್ನಿಗೆ ಮಡಚಿ ಹಾಕಿದ ಕೌದಿ, ಪಕ್ಕದಲ್ಲಿ ನೀರಿನ ತಂಬಿಗೆ, ಗೋಡೆಯ ಮೇಲೆ ಬಿಸಿಲು. ನಿಜವಾದ ಕೋಣೆಯನ್ನು ಅವಳ ಮಗ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಜೋಳದ ಚೀಲ ಇಡಿಸಿದ್ದಾನೆ; ನಾನೇ ಹೋಗಿ ನೋಡಿ ಬಂದಿದ್ದೇನೆ. ಆದರೆ ಕಿಟಕಿಯಲ್ಲಿ ಕುರ್ಚಿ ಇದ್ದಲ್ಲೇ ಇತ್ತು. ಬೆಳಿಗ್ಗೆ ಬಿಸಿಲು ಕೌದಿಯ ಮೇಲೆ ಬೀಳುತ್ತಿತ್ತು, ಸಂಜೆಗೆ ತಂಬಿಗೆಗೆ ಸರಿಯುತ್ತಿತ್ತು. ನಾನು ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕಂಪ್ಯೂಟರ್ ತೆರೆದು, "ಎದ್ದಿಯೇನ ನೀಲಾ?" ಎಂದು ಕೇಳಿ ಕೆಲಸಕ್ಕೆ ಕೂಡುತ್ತಿದ್ದೆ. ಲಿಂಗದಲ್ಲಿ ಐಕ್ಯವಾದವರನ್ನು ಹಾಗೆ ಹಿಡಿದುಕೊಂಡಿರಬಾರದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೇಳಿ ಬರೋಣವೆಂದು ಒಮ್ಮೆ ಮಠಕ್ಕೂ ಹೋಗಿದ್ದೆ. ಗುರುಗಳ ಪಾದಕ್ಕೆ ಶರಣು ಮಾಡಿ, ಪ್ರಸಾದ ತಿಂದು, ಕೇಳದೆ ಬಂದೆ.

ಹೀಗಿರುವಾಗ ಒಂದು ದಿನ ನಮ್ಮ ಗುಂಪಿನ ಹಿರಿಯರಾದ ಮಡಿವಾಳಯ್ಯನವರು ಕೆಲಸ ಮುಗಿಯುವ ಹೊತ್ತಿಗೆ ಕೆಮ್ಮಿದರು. ಅವರು ಜಂಗಮರು, ಮಾತು ಕಡಿಮೆ. ಕೆಮ್ಮಿದರೆ ಏನೋ ಇದೆ ಎಂದು ಅರ್ಥ.

"ಗುರುವಾರಕ್ಕೊಮ್ಮೆ ಆಟ ಇಟ್ಟಾರ್ರಿ. ಪ್ರೆಸ್ಸಿನವ್ರು ಹೇಳ್ಯಾರ."

"ಎಂಥಾ ಆಟ್ರಿ ಅಯ್ಯಾರ? ನನಗ ಎಪ್ಪತ್ತು ದಾಟ್ಯಾವು," ಎಂದೆ.

"ಗುಂಪಿನ್ಯಾಗ ಒಗ್ಗಟ್ಟು ಬರ್ಲಿ ಅಂತ. ಎಲ್ಲಾರೂ ಬ್ಯಾರೆ ಬ್ಯಾರೆ ಮನ್ಯಾಗ ಕುಂತಿರ್ತೀವಲ್ಲ."

"ಇಷ್ಟು ವರ್ಷ ಎಲ್ಲಿ ಕುಂತಿದ್ವಿ? ಈಗ ಹ್ಯಾಂಗ ನೆನಪಾತು ಅವರಿಗೆ?"

ಅಯ್ಯನವರು ಕನ್ನಡಕ ತೆಗೆದು ಒರೆಸಲು ಹತ್ತಿದರು. ದಸ್ತಗೀರ ಮಾಸ್ತರರು ನಡುವೆ ಬಾಯಿ ಹಾಕಿದರು. ಅವರು ನಿವೃತ್ತರಾದ ಕನ್ನಡ ಮಾಸ್ತರರು, ಅಯ್ಯನವರ ಜೋಡಿ. ಅಯ್ಯನವರು ಓದುತ್ತಾರೆ, ಇವರು ತಿದ್ದುತ್ತಾರೆ. "ಕುಂಟಾಬಿಲ್ಲಿ ಇಟ್ರ ನಾ ಬರೂದಿಲ್ಲ ನೋಡ್ರಿ. ಮೊಣಕಾಲು ನಂದು, ಪ್ರೆಸ್ಸಿಂದಲ್ಲ," ಎಂದರು. ಗುಂಪಿನ ನಾಲ್ಕನೆಯವಳಾದ ಕಸ್ತೂರಿ ಮೆಲ್ಲಗೆ ನಕ್ಕಳು. ನನಗೆ ನಗು ಬರಲಿಲ್ಲ. ಆಟ ಎಂದರೆ ನಗು, ನಗು ಎಂದರೆ ಕಿಟಕಿ. ಇಷ್ಟು ನನಗೆ ಅರ್ಥವಾಗುವುದಿಲ್ಲವೇ?

ಕಸ್ತೂರಿಯ ಬಗ್ಗೆ ಹೇಳಬೇಕು. ಅವಳು ನಮ್ಮೆಲ್ಲರಿಗಿಂತ ಚಿಕ್ಕವಳು. ಒಬ್ಬಳೇ ಸಣ್ಣಪುಟ್ಟ ಪುಸ್ತಕಗಳನ್ನು ಓದಿ ತಾನೇ ತಿದ್ದುತ್ತಿದ್ದಳು. ನೀಲಾ ಹೋದ ಮೇಲೆ ನನಗೂ ಅವಳೇ ಓದಬೇಕಾಯಿತು. ಹೀಗೆ ಎರಡು ಪಾಲಿನ ಓದು ಅವಳ ಮೇಲೆ ಬಿತ್ತು. ಅವಳ ಗಂಡನ ತಂಗಿಯೊಬ್ಬಳು ಓದು ಮುಗಿಸಿ ಮನೆಯಲ್ಲಿ ಖಾಲಿ ಕುಳಿತಿದ್ದಳು. ಇತ್ತೀಚೆಗೆ ಕಸ್ತೂರಿಯ ದನಿ ಒಡೆದಂತೆ ಬರುತ್ತಿತ್ತು. ನೀಲಾಳ ಜಾಗ ನಾದಿನಿಗೆ ಸಿಗಲಿ ಎಂದು ಈ ಹುಡುಗಿ ಬೇಕೆಂದೇ ಗಂಟಲು ಕೆರೆದುಕೊಳ್ಳುತ್ತಿದ್ದಾಳೆ ಎಂದು ನಾನು ತಿಳಿದೆ.

ಮೊದಲ ಗುರುವಾರ ಆಟ ಆಡಿಸಲು ಪ್ರಣತಿ ಎಂಬ ಹುಡುಗಿ ಬಂದಳು. ಅವಳ ಹಿಂದೆ ಗೋಡೆಯ ಬದಲು ಸಮುದ್ರ ಕಾಣುತ್ತಿತ್ತು, ತಲೆಯ ಅಂಚಿನಲ್ಲಿ ಅಲೆ ಕತ್ತರಿಸಿ ಹೋಗುತ್ತಿತ್ತು.

"ಎಲ್ಲರಿಗೂ ನಮಸ್ಕಾರ! ಇವತ್ತು ನಾವೆಲ್ಲ ಸೇರಿ ಸಖತ್ ಮಜಾ ಮಾಡೋಣ, ಓಕೆ ನಾ?" ಎಂದಳು. ಯಾರೂ ಓಕೆ ಎನ್ನಲಿಲ್ಲ. "ನಾನು ಒಂದು ಬಣ್ಣ ಹೇಳ್ತೀನಿ. ಆ ಬಣ್ಣದ ವಸ್ತು ನಿಮ್ಮ ಮನೆಯಿಂದ ಯಾರು ಮೊದಲು ತಂದು ತೋರಿಸ್ತಾರೋ ಅವರು ಗೆದ್ದ ಹಾಗೆ. ಕೆಂಪು!"

ದಸ್ತಗೀರ ಮಾಸ್ತರರು ಮೊಣಕಾಲಿನ ಮಾತು ಮರೆತು ಎದ್ದು ಓಡಿದರು. ಬರುವಾಗ ಕೈಯಲ್ಲಿ ಒಣಮೆಣಸಿನಕಾಯಿ ಇತ್ತು, ಹಿಂದಿನಿಂದ ಅವರ ಮನೆಯವರ ದನಿ ಬಂತು. "ಅದು ಖಾರ ಕುಟ್ಟಾಕ ತಗದಿಟ್ಟಿದ್ದು! ಒಂದ ಯಾಕ ಒಯ್ತೀರಿ, ಡಬ್ಬೀನ ಒಯ್ದು ಕುಣೀರಿ!" ಅಯ್ಯನವರು ಪುಸ್ತಕ ಸುತ್ತುವ ಕೆಂಪು ವಸ್ತ್ರವನ್ನು ಎತ್ತಿ ಹಿಡಿದರು. ನಾನು ಏಳಲಿಲ್ಲ.

"ನಮ್ಮನ್ಯಾಗ ಕೆಂಪಂದು ಏನೂ ಇಲ್ಲವಾ," ಎಂದೆ.

"ಅಜ್ಜಿ, ನಿಮ್ಮ ಹಿಂದೆ ಗೋಡೆ ಮೇಲೆ ಇರೋ ಬಟ್ಟೆ?"

"ಅದು ಕೆಂಪಲ್ಲ. ಕುಂಕುಮ ಬಣ್ಣ."

ಅಯ್ಯನವರೂ ಮಾಸ್ತರರೂ ನಕ್ಕರು. ನಾನು ಒಳಗೊಳಗೇ ಷಡಕ್ಷರಿ ಹೇಳಿಕೊಳ್ಳುತ್ತ ತೊಡೆ ಚಿವುಟಿಕೊಂಡು ಕುಳಿತಿದ್ದೆ. ಜಪವನ್ನು ಇಂಥ ಕೆಲಸಕ್ಕೆ ಬಳಸಬಾರದು. ಆದರೆ ಕೈಗೆ ಸಿಕ್ಕಿದ್ದು ಅದೇ. ಆಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಕಸ್ತೂರಿ ನಗುತ್ತಿರಲಿಲ್ಲ. ತುಟಿ ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಮುದುಕಿ ನಗುತ್ತಾಳೋ ಇಲ್ಲವೋ ಎಂದು ಕಾವಲು ಕೂತಿದ್ದಾಳೆ ಎಂದುಕೊಂಡೆ.

ಮುಂದಿನ ಗುರುವಾರ ಕಿವಿಮಾತಿನ ಆಟ. ಪ್ರಣತಿ ಒಂದು ವಾಕ್ಯವನ್ನು ಫೋನಿನಲ್ಲಿ ಅಯ್ಯನವರಿಗೆ ಹೇಳುವುದು, ಅವರು ಮಾಸ್ತರರಿಗೆ, ಮಾಸ್ತರರು ಕಸ್ತೂರಿಗೆ, ಕಸ್ತೂರಿ ನನಗೆ. ಕೊನೆಗೆ ನಾನು ಎಲ್ಲರ ಮುಂದೆ ಹೇಳಬೇಕು. ವಾಕ್ಯ ಹೇಗೆ ಕೆಟ್ಟು ಬರುತ್ತದೆ ಎಂದು ನೋಡಿ ನಗುವುದೇ ಆಟ. ಕಸ್ತೂರಿಯ ದನಿ ಫೋನಿನಲ್ಲಿ ಉಸಿರಿನಷ್ಟೇ ಇತ್ತು. ನಾನು ಕೇಳಿದ್ದನ್ನು ಹಾಗೆಯೇ ಹೇಳಿದೆ. "ಮಾವನ ಮನೆಗೆ ಹೋದ ಮಂಗ ಅಲ್ಪ ಮಾವಿನಹಣ್ಣು ತಿಂದು ಅಲ್ಪ ಮಳೆಯಲ್ಲಿ ಮಲಗಿತು ಪೂರ್ಣ."

ಪ್ರಣತಿ ಕಣ್ಣು ಅಗಲಿಸಿದಳು. "ಅಲ್ಪ ಮಾವಿನಹಣ್ಣಾ? ಅಂದ್ರೆ... ಸ್ವಲ್ಪ ತಿಂತು ಅಂತಾನಾ?"

"ಅಲ್ಲವಾ, ಅದು ಚಿಹ್ನೆ."

"ಅದು ಬಿಟ್ರೆ ಒಂದಕ್ಷರಾನೂ ಕೆಟ್ಟಿಲ್ಲ! ಈ ಆಟದಲ್ಲಿ ಇದುವರೆಗೂ ಯಾರ ಹತ್ರಾನೂ ಹೀಗಾಗಿಲ್ಲ."

"ಕೆಡಿಸಿದ್ರ ಪ್ರೆಸ್ಸಿನವ್ರು ಮನೀಗೆ ಕಳಸ್ತಾರಲ್ಲವಾ," ಎಂದರು ಮಾಸ್ತರರು. "ಇರೂದೂ ಮನ್ಯಾಗ. ಮತ್ತೆಲ್ಲಿಗೆ ಕಳಸ್ತಾರೋ ಗೊತ್ತಿಲ್ಲ."

ಅಯ್ಯನವರು ನಕ್ಕರು, ಕಸ್ತೂರಿ ನಕ್ಕಳು. ಮಾತು ಹಾರಿಸಿದ ಮಾಸ್ತರರು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಮೇಜಿನ ಮೇಲೆ ಏನೋ ಹುಡುಕಿದರು. ನಾನು ಹೊಟ್ಟೆಯೊಳಗಿನ ನಗುವನ್ನು ಹಲ್ಲಿನಲ್ಲಿ ಹಿಡಿದು ಅವರನ್ನೇ ನೋಡಿದೆ. ತಾನು ನಗದೆ ಇನ್ನೊಬ್ಬರನ್ನು ನಗಿಸುವವನ ಮೇಲೆ ನನಗೆ ನಂಬಿಕೆಯಿಲ್ಲ. ಇವರೂ ಆ ಕಡೆಯವರೇ ಎಂದುಕೊಂಡೆ. ಅಂದಿನಿಂದ ಕೆಲಸದ ಮಾತು ಬಿಟ್ಟು ಯಾರ ಹತ್ತಿರವೂ ಮಾತಾಡಲಿಲ್ಲ. ನೀಲಾಳ ಕುರ್ಚಿಯ ಕಡೆ ತಿರುಗಿ, "ನೋಡಾಕತ್ತೀಯಲ್ಲ?" ಎನ್ನುತ್ತಿದ್ದೆ.

ಮೂರನೆಯ ಆಟಕ್ಕೆ ಆ ಹುಡುಗಿ ನಮ್ಮ ಬುಡಕ್ಕೇ ಬಂದಳು. "ನಿಮ್ಮ ಕೆಲಸದ್ದೇ ಆಟ ಮಾಡಿದ್ದೀನಿ," ಎಂದಳು. ಕನ್ನಡದ ಅಕ್ಷರಕ್ಕೆ ಹಚ್ಚುವ ಗುರುತುಗಳಿವೆಯಲ್ಲ, ತಲೆಕಟ್ಟು, ಗುಡಿಸು, ಕೊಂಬು, ಸೊನ್ನೆ, ಅವುಗಳಲ್ಲಿ ಒಂದನ್ನು ಮೈಕು ಬಂದ್ ಮಾಡಿ ಮೈಯಲ್ಲೇ ಅಭಿನಯಿಸಿ ತೋರಿಸಬೇಕು, ಉಳಿದವರು ಗುರುತಿಸಬೇಕು. ಇಷ್ಟೆಲ್ಲ ಇವಳಿಗೆ ಯಾರು ಹೇಳಿಕೊಟ್ಟರು ಎಂದು ನಾನು ಅಯ್ಯನವರ ಕಡೆ ನೋಡಿದೆ. ಮಾಸ್ತರರು ಎರಡೂ ಕೈ ತಲೆಯ ಮೇಲೆ ಗುಡಿಯಂತೆ ಇಟ್ಟರು. ಗುಡಿಸು ಎಂದು ಕಸ್ತೂರಿ ಹೇಳಿದಳು. ಆಮೇಲೆ ಅಯ್ಯನವರ ಸರದಿ.

ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಬಿಳಿಯ ರುಮಾಲು. ಆ ಮನುಷ್ಯರು ಗಂಭೀರವಾಗಿ ಎರಡು ತೋರುಬೆರಳನ್ನು ರುಮಾಲಿನ ಆಚೆಗೊಂದು ಈಚೆಗೊಂದು ಎತ್ತಿ ನಿಲ್ಲಿಸಿದರು. ಸಾಲದೆಂದು ಕತ್ತು ಕೊಂಕಿಸಿದರು. ಅದೂ ಸಾಲದೆಂದು ಕಣ್ಣು ತೇಲಿಸಿದರು. ನನಗೆ ಏನು ಬಡಿಯಿತೋ ತಿಳಿಯದು, ಯಾರಿಗಿಂತಲೂ ಮೊದಲು ಕೂಗಿಬಿಟ್ಟೆ.

"ಎಮ್ಮಿ!"

ಅಯ್ಯನವರ ಬೆರಳು ಎತ್ತಿದಲ್ಲೇ ನಿಂತವು.

"ಅಕ್ಕಾರ," ಎಂದರು ದಸ್ತಗೀರ ಮಾಸ್ತರರು, "ಅಕ್ಷರದ ಗುರ್ತು ಕೇಳ್ಯಾರ್ರಿ. ಅಯ್ಯಾರ ಗುರ್ತಲ್ಲ."

ನಾನು ನಕ್ಕುಬಿಟ್ಟೆ. ಷಡಕ್ಷರಿಯೂ ಬರಲಿಲ್ಲ, ತೊಡೆಯೂ ಸಿಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನೀಲಾ ಹೋದ ಮೇಲೆ ಅಂಥ ನಗು ನನ್ನೊಳಗೆ ಉಳಿದಿದೆ ಎಂದೇ ಗೊತ್ತಿರಲಿಲ್ಲ. ಮಾಸ್ತರರು ಮೇಜು ಬಡಿಯುತ್ತಿದ್ದರು, ಕಸ್ತೂರಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗ ನನಗೆ ನೆನಪಾಯಿತು. ನೋಡಲಾರದೆ ನೋಡಿದೆ.

ಕುರ್ಚಿ ಇತ್ತು. ಕೌದಿ ಇತ್ತು. ತಂಬಿಗೆಯ ಅಂಚಿಗೆ ಬಿಸಿಲು ತಾಗಿತ್ತು.

ಹಾಗಾದರೆ ಯಾರೋ ಒಬ್ಬರು ನಕ್ಕಿಲ್ಲ. ಒಬ್ಬೊಬ್ಬರ ಮುಖವನ್ನೂ ಹುಡುಕಿದೆ. ಮಡಿವಾಳಯ್ಯನವರು ಬೆರಳುಗಳನ್ನು ಇನ್ನೂ ತಲೆಯ ಮೇಲೆ ಹಿಡಿದೇ ಕುಳಿತಿದ್ದರು. ಬಾಯಿ ಬೀಗ ಹಾಕಿದಂತೆ ಮುಚ್ಚಿತ್ತು. ಅವರ ಕಣ್ಣು ಪರದೆಯ ಒಂದು ಮೂಲೆಯಲ್ಲಿ ನಟ್ಟಿತ್ತು. ಅವರು ನೀಲಾಳ ಕಿಟಕಿಯನ್ನು ನೋಡುತ್ತಿದ್ದರು ಎಂದು ನನಗೆ ಅನಿಸಿತು.

ರಾತ್ರಿ ಅಯ್ಯನವರಿಗೆ ಫೋನು ಮಾಡಿದೆ.

"ಅಯ್ಯಾರ, ನೀವು ನಗಲಿಲ್ಲ."

"ಹೂಂ," ಎಂದರು. ಮಾತು ತೊದಲುತ್ತಿತ್ತು. "ಇವತ್ತ ನನ್ನ ಪಾಳಿ ಇತ್ರಿ."

"ಎಂಥಾ ಪಾಳಿ?"

ಅಯ್ಯನವರು ಕೆಮ್ಮಿದರು. "ನಿಮ್ಮ ಸಂಶಯ ನನಗ ಗೊತ್ತೈತಿ. ಸುಳ್ಳಲ್ಲ ಅದು. ಕಿಟಕಿ ಮುಚ್ಚಲಿ ಅಂತನ ಪ್ರೆಸ್ಸಿನವ್ರು ಈ ಆಟ ಹಚ್ಯಾರ. ಬ್ಯಾಡ ಅನ್ನಾಕ ನಮಗ ಬಾಯಿ ಇರಲಿಲ್ಲ. ಅದಕ್ಕ ನಾವು ಮೂರೂ ಮಂದಿ ಮಾತಾಡಿಕೊಂಡ್ವಿ. ಒಂದು ವಾರ ಒಬ್ರು ನಗೂದಿಲ್ಲ. ನಿಮಗ ಅರಿವಿಲ್ಲದ ನಗು ಬಂದ್ರೂ ನೀಲಮ್ಮಾರ ಕಿಟಕಿ ಉಳೀಬೇಕು. ಮುಚ್ಚೂದಾದ್ರ ನೀವು ಹೇಳಿದ ಮ್ಯಾಲ."

ಮೊದಲ ವಾರದ ಕಸ್ತೂರಿಯ ಬಿಗಿದ ತುಟಿ, ಆಮೇಲೆ ಮಾಸ್ತರರ ತಗ್ಗಿದ ತಲೆ, ಒಂದೊಂದಾಗಿ ಕಣ್ಣ ಮುಂದೆ ಬಂದವು. ಆದರೂ ಅನುಮಾನ ಒಮ್ಮೆಲೇ ಬಿಟ್ಟುಹೋಗುವಂಥದ್ದಲ್ಲ.

"ಕಸ್ತೂರಿನೂ ಒಪ್ಪಿದ್ಲೇನ್ರಿ?"

"ಮೊದಲ ಪಾಳಿ ಆಕೀನ ಕೇಳಿ ತಗೊಂಡ್ಲು."

"ಮತ್ತ ಆಕಿ ದನಿ?"

"ಡಾಕ್ಟರು ಓದಬ್ಯಾಡ ಅಂದಾರಂತ. ಹಿಂಗ ಓದಿದ್ರ ದನಿ ಪೂರಾ ಹೋಕ್ಕೈತಿ ಅಂದಾರ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ಲು, ನಾ ಹೇಳಿಬಿಟ್ಟೆ," ಎಂದರು. ಆಮೇಲೆ, "ಎಮ್ಮಿ ಅಂದ್ರಲ್ಲ, ಆವಾಗ ನಾಲಿಗಿ ಕಚ್ಚಿಕೊಂಡೀನ್ರಿ ಅಕ್ಕಾರ. ಊಟಾ ಮಾಡಾಕ ಆಗವಲ್ದು," ಎಂದರು.

ಮರುದಿನ ಬೆಳಿಗ್ಗೆ ಕಸ್ತೂರಿ ಎಂದಿನಂತೆ ನನಗೆ ಓದಲು ಕುಳಿತಳು. ಒಂದು ವಾಕ್ಯ ಓದಿದಳು, ಎರಡನೆಯದರ ಕೊನೆಗೆ 'ಪೂರ್ಣ' ಎಂದಾಗ ತುಟಿ ಆಡಿತು, ದನಿ ಬರಲಿಲ್ಲ. ಅವಳು ನೀರು ಕುಡಿದು ಮತ್ತೆ ಬಾಯಿ ತೆರೆದಳು. ಓದುವ ತಿದ್ದುವ ಈ ಕೆಲಸ ಬಿಟ್ಟರೆ ಆ ಹುಡುಗಿಗೆ ಬೇರೆಯದು ಗೊತ್ತಿಲ್ಲ.

"ಸಾಕವಾ," ಎಂದೆ.

"ಇಲ್ಲ ಅಜ್ಜಿ, ಬೆಳಿಗ್ಗೆ ಬೆಳಿಗ್ಗೆ ಹಿಂಗ ಆಕ್ಕೈತಿ. ಆಮ್ಯಾಲ ಸರಿ ಆಕ್ಕೈತಿ."

"ಸಾಕಂದ್ನೆಲ್ಲ. ನಿನ್ನ ನಾದಿನಿ ಓದ್ತಾಳೇನು, ಒತ್ತಕ್ಷರಾ ತಿನ್ನಲಾರದ?"

ಅವಳು ನನ್ನ ಮುಖ ನೋಡಿದಳು. "ಅಜ್ಜಿ, ನಾ ಅದಕ್ಕಂತ..."

"ಗೊತ್ತೈತಿ ಬಿಡು. ನಾ ಎಲ್ಲಾನೂ ತಪ್ಪಾಗಿ ಓದಿದೆ."

ಆ ದಿನ ಪೂಜೆಗೆ ಮತ್ತೊಮ್ಮೆ ಕುಳಿತೆ. ಲಿಂಗ ಅಂಗೈಯಲ್ಲಿತ್ತು. ಆದರೆ ಕಣ್ಣು ಅಲ್ಲಿ ನಿಲ್ಲದೆ ತೆರೆದಿಟ್ಟ ಪರದೆಯ ಕಡೆಗೆ ಜಾರುತ್ತಿತ್ತು. ಇಷ್ಟು ದಿನವೂ ಹಾಗೆಯೇ ಜಾರುತ್ತಿತ್ತು. ಅಂದು ಮಾತ್ರ ಗಮನಿಸಿದೆ. ಗುರುಗಳಿಗೆ ಕೇಳಬೇಕೆಂದು ಹೋಗಿ ಕೇಳದೆ ಬಂದದ್ದಕ್ಕೆ ಉತ್ತರ ನನ್ನ ಕೈಯಲ್ಲೇ ಇತ್ತು.

ಎಲ್ಲರಿಗೂ ಹೇಳಿದೆ, ಮುಚ್ಚೋಣ ಎಂದು. ಯಾರ ಪಾಳಿಯೂ ಬೇಡ, ಎಲ್ಲರೂ ನಗಿರಿ ಎಂದೆ. ಹೇಳುವುದು ಸುಲಭ. ಮುಂದಿನ ಗುರುವಾರ ಯಾರಿಗೂ ನಗು ಬರಲಿಲ್ಲ. ದಸ್ತಗೀರ ಮಾಸ್ತರರು ಶಾಲೆಯ ಕಾಲದ ತಮಾಷೆಗಳನ್ನೆಲ್ಲ ಹೇಳಿ ಮುಗಿಸಿದರು. ಅಯ್ಯನವರು ಪಾಪ ಮತ್ತೆ ಬೆರಳು ಎತ್ತಿ ಎಮ್ಮೆಯಾದರು. ನಾವು ಹಹ್ಹ ಎಂದೆವು, ಹಿಹ್ಹಿ ಎಂದೆವು. ಕುರ್ಚಿ ಕದಲಲಿಲ್ಲ. ಸುಳ್ಳು ನಗುವನ್ನು ನಮ್ಮ ಊರಿನ ಪರದೆ ಒಪ್ಪುವುದಿಲ್ಲ. ಕೊನೆಗೆ ಕಸ್ತೂರಿ ಅತ್ತುಬಿಟ್ಟಳು. ಪ್ರಣತಿ ತನ್ನ ಸಮುದ್ರವನ್ನು ತೆಗೆದುಹಾಕಿ, ಬಟ್ಟೆ ಒಣಹಾಕಿದ ಸಣ್ಣ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದಳು. "ಸಾರಿ," ಎಂದಳು, "ನನಗೆ ಗೊತ್ತಿರಲಿಲ್ಲ."

ಅದರ ಮುಂದಿನ ವಾರ ಅವಳು ದನಿ ಏರಿಸದೆ ಒಂದು ಸಣ್ಣ ಆಟ ಹೇಳಿದಳು. ಒಬ್ಬರು ತಮ್ಮ ಬಗ್ಗೆ ಮೂರು ಮಾತು ಹೇಳುವುದು. ಎರಡು ನಿಜ, ಒಂದು ಸುಳ್ಳು. ಸುಳ್ಳು ಯಾವುದೆಂದು ಉಳಿದವರು ಗುರುತಿಸುವುದು. ಸರದಿ ನನ್ನ ಹತ್ತಿರ ಬಂದಾಗ, "ನನ್ನ ಬಗ್ಗೆ ಬ್ಯಾಡ, ನೀಲಾನ ಬಗ್ಗೆ ಹೇಳ್ತೀನಿ," ಎಂದೆ.

"ಒಂದು. ನನ್ನ ಮ್ಯಾಲ ಸಿಟ್ಟು ಬಂದು ಆಕಿ ಒಂದು ಪುರಾಣ ಮುಗಿಯೂತನಕ ಪುರಾಣ ಬಿಟ್ಟು ಬ್ಯಾರೆ ಮಾತು ನನ್ನ ಕೂಡ ಆಡಲಿಲ್ಲ. ಎರಡು. ಆಕಿಗೆ ಚಹಾ ಕಂಡ್ರ ಆಗ್ತಿರಲಿಲ್ಲ. ಮೂರು. ಒಬ್ಬ ಸ್ವಾಮಿಗಳನ್ನ ಆಕಿ ಬೆಳ್ಳುಳ್ಳಿ ಪಲ್ಲಕ್ಕಿ ಒಳಗ ಕೂಡ್ರಿಸಿದ್ಲು."

ಅಯ್ಯನವರು ತಡಮಾಡಲಿಲ್ಲ. "ಮೂರನೇದು ಸುಳ್ಳು. ನಮ್ಮ ಗುಂಪಿನ್ಯಾಗ ಅಂಥಾದ್ದು ಆಗಿಲ್ಲ."

"ಅಚ್ಚಿಗೆ ಹೋಗಲಿಲ್ರಿ, ನಾ ಹಿಡದೆ. ಆದ್ರ ಓದಿದ್ದು ನಿಜ. ಒಂದು ಮಠದ ಚರಿತ್ರೆ. ಈ ಕಡೆ ಒಲಿ ಮ್ಯಾಲ ಒಗ್ಗರಣಿ ಇಟ್ಟಾಳ, ಆ ಕಡೆ ಓದಾಕತ್ಯಾಳ. 'ಶ್ರೀಗಳು ಅಲ್ಪ ಬೆಳ್ಳುಳ್ಳಿ ಪಲ್ಲಕ್ಕಿಯಲ್ಲಿ ದಯಮಾಡಿಸಿದರು ಪೂರ್ಣ.' ನಾ ಅಂದೆ, ಏನಂದಿ? ಬೆಳ್ಳುಳ್ಳಿ ಪಲ್ಲಕ್ಕಿ ಅಂದ್ಲು. ಪ್ರತಿ ನೋಡಲೇ ಅಂದೆ. ನೋಡೇ ಓದಾಕತ್ತೀನಿ ಅಕ್ಕಾ ಅಂದ್ಲು. ಬೆಳ್ಳಿದಿರತೈತಿ, ಬೆಳ್ಳುಳ್ಳಿ ಪಲ್ಲಕ್ಕಿ ಎಲ್ಲ್ಯಾರ ಇರತೈತೇನ ಅಂದೆ. ಅದಕ್ಕ ಆಕಿ ಏನಂದ್ಲು ಗೊತ್ತೇನ್ರಿ? 'ಭಾಳ ದೊಡ್ಡ ಮಠ ಅದು. ನಮಗೇನ್ ಗೊತ್ತು, ಇದ್ರೂ ಇದ್ದೀತು!'"

ಕಸ್ತೂರಿಯ ಭುಜ ಅಲುಗಿತು. ದನಿಯಿಲ್ಲದ ಅವಳಿಗೆ ನಗುವೂ ದನಿಯಿಲ್ಲದೆ ಬಂತು. ಅಯ್ಯನವರು, "ಬೆಳ್ಳುಳ್ಳಿ..." ಎಂದು ಶುರು ಮಾಡಿ ಮುಂದೆ ಹೋಗಲಾರದೆ ನಿಂತರು. ಹುಟ್ಟಿದಾಗಿನಿಂದ ಬೆಳ್ಳುಳ್ಳಿ ಮುಟ್ಟದ ಜೀವ ಅದು.

"ಅಕ್ಕಾರ, ಸುಲಿದ ಬೆಳ್ಳುಳ್ಳಿನೋ, ಸುಲೀಲಾರದ್ದೋ?" ಎಂದು ದಸ್ತಗೀರ ಮಾಸ್ತರರು ಬಹಳ ವಿನಯದಿಂದ ಕೇಳಿದರು.

"ಅದನ್ನ ನಾನೂ ಕೇಳಿದೆ," ಎಂದೆ. "'ಸ್ವಾಮಿಗಳು ಕೂಡ್ರೂದಂದ್ರ ಸುಲಿದ ಇಟ್ಟಿರ್ತಾರ' ಅಂದ್ಲು."

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ಅಯ್ಯನವರ ರುಮಾಲು ಕಳಚಿ ಬಿದ್ದದ್ದು ಕಂಡಿತು. ಮಾಸ್ತರರು ಕುರ್ಚಿಯಿಂದ ಕೆಳಗೆ ಎಲ್ಲೋ ಹೋಗಿದ್ದರು, ಅವರ ಮನೆಯವರು ಬಂದು ಇಣುಕಿ ನೋಡುತ್ತಿದ್ದರು. ನನ್ನ ಕನ್ನಡಕ ಮಂಜಾಗಿತ್ತು, ಪಕ್ಕೆ ನೋಯುತ್ತಿತ್ತು. ಉಸಿರು ತಿರುಗಿಸಿಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರೆ ಪರದೆಯ ಮೇಲೆ ಉಳಿದವರ ಕಿಟಕಿಗಳು ಸ್ವಲ್ಪ ದೊಡ್ಡವಾಗಿದ್ದವು.

ಮೂರರಲ್ಲಿ ಸುಳ್ಳು ಯಾವುದೆಂದು ಯಾರೂ ಕೇಳಲಿಲ್ಲ. ಅಯ್ಯನವರು ರುಮಾಲು ಎತ್ತಿಕೊಂಡು, ಕೈ ಮುಗಿದು, "ಶರಣು ಶರಣಾರ್ಥಿ," ಎಂದರು.

ಆ ಕುರ್ಚಿಯ ಮೇಲೆ ನಾನು ಕಣ್ಣಿಡದ ದಿನವೇ ಇರಲಿಲ್ಲ. ಅದು ಹೋಗುವ ಗಳಿಗೆ ಮಾತ್ರ ನನಗೆ ಕಾಣಲಿಲ್ಲ, ಏಕೆಂದರೆ ನಾನು ನಗುತ್ತಿದ್ದೆ. ನನ್ನ ಅನುಮಾನ ಏನೆಂದರೆ, ನೀಲಾ ಹೋಗಲು ಆ ಹೊತ್ತನ್ನೇ ನೋಡಿಕೊಂಡಿದ್ದಳು. ನಾನು ನೋಡುತ್ತಿದ್ದರೆ ಬಿಡುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.